ಜರ್ಮನ್ ಪದಕದ ಜೊತೆ ಸುಳ್ಳು ಹೆಸರನ್ನೂ ಮಾರುತ್ತಾರೆ, ಹುಷಾರು

ಜರ್ಮನಿಯಲ್ಲಿರುವ ನಮ್ಮವರಲ್ಲಿ ಹಳೆ ಪದಕ, ಹಳೆ ನಾಣ್ಯ ಅಂತ ಆಸೆಪಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು 450 ಯೂರೋ ಕಳೆದುಕೊಂಡಿದ್ದೇನೆ. ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ಹೊಟ್ಟೆ ಉರಿಯುವುದು ಮಾರಿದವನು ನನ್ನ ಊರಿನ ಹೆಸರು ಹಿಡಿದು ಮೋಸ ಮಾಡಿದ್ದಕ್ಕೆ.

ನಾನಿರುವುದು ಸ್ಟುಟ್‌ಗಾರ್ಟ್‌ನಲ್ಲಿ, ಊರು ಮಂಗಳೂರು. ಮೂರು ಪದಕ ಒಟ್ಟಿಗೆ ಹೊಲಿದ ಒಂದು ಪಟ್ಟಿಯನ್ನು ಒಬ್ಬ ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಹಾಕಿದ್ದ. 1914ರ ಐರನ್ ಕ್ರಾಸ್ (ಮೊದಲನೇ ಮಹಾಯುದ್ಧದ ಜರ್ಮನ್ ಸೇನಾ ಪದಕ) ಎರಡನೇ ದರ್ಜೆ, ಸ್ಟುಟ್‌ಗಾರ್ಟ್ ರಾಜಧಾನಿಯಾಗಿದ್ದ ಆಗಿನ ವುರ್ಟೆಂಬರ್ಗ್ ರಾಜ್ಯದ ಬೆಳ್ಳಿಯ ಸೇನಾ ಪದಕ, ಕೊನೆಯಲ್ಲಿ ಕತ್ತಿಗಳಿರುವ ಕಂಚಿನ ಬಣ್ಣದ ಒಂದು ಕ್ರಾಸ್. ಬೆಲೆ 130 ಯೂರೋ. "ಬಿಚ್ಚದ ಪಟ್ಟಿ, ಮೂರೂ ಒಬ್ಬನೇ ಸೈನಿಕನದ್ದು" ಅಂತ ಬರೆದಿದ್ದ. ಯಾರದ್ದು ಅಂತ ಕೇಳಿದೆ. ಗೊತ್ತಿಲ್ಲ ಅಂದ. ಹಾಗೇ ಮಾತಾಡುತ್ತಾ ನಿಮ್ಮದು ಯಾವ ಊರು ಅಂತ ಕೇಳಿದ. ಮಂಗಳೂರು ಅಂದೆ. ನಮ್ಮ ಮುತ್ತಜ್ಜ ಜೆಪ್ಪುವಿನ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು ಅಂತಲೂ ಹೇಳಿದೆ. ನಾನೇ ಹೇಳಿದ್ದು. ಅವನು ಹೆಚ್ಚೇನೂ ಕೇಳಿರಲಿಲ್ಲ.

ಎರಡು ದಿನ ಬಿಟ್ಟು ಮೆಸೇಜ್ ಬಂತು. "ಪೆಟ್ಟಿಗೆಯ ತಳದಲ್ಲಿ ಕಾಗದ ಸಿಕ್ಕಿತು. ಈ ಸೈನಿಕ ಹುಟ್ಟಿದ್ದೇ ನಿಮ್ಮ ಮಂಗಳೂರಿನಲ್ಲಿ, ಮಿಷನ್ ಕುಟುಂಬದಲ್ಲಿ." ಜೊತೆಗೆ ಟೈಪ್ ಮಾಡಿದ ಒಂದು ಹಾಳೆ. ಹೆಸರು, ರೆಜಿಮೆಂಟ್, ಹುಟ್ಟಿದ್ದು ಮಂಗಳೂರು, 1917ರಲ್ಲಿ ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ಸಾವು. ಸಮವಸ್ತ್ರ ತೊಟ್ಟ ಹುಡುಗನ ಫೋಟೋ ಬೇರೆ. ಎಡ ಭುಜದ ಮೇಲೆ ಅಡ್ಡಕ್ಕೆ ಮಡಿಕೆ ಬಿದ್ದು ಬಿರುಕು ಬಿಟ್ಟಿತ್ತು. ಬಾಸೆಲ್ ಮಿಷನ್‌ಗಾಗಿ ವುರ್ಟೆಂಬರ್ಗ್ ಕಡೆಯಿಂದ ಎಷ್ಟೋ ಜನ ನಮ್ಮ ಕಡೆ ಬಂದಿದ್ದು ನಿಜ ತಾನೇ? ಹಾಗಾಗಿ ಅನುಮಾನವೇ ಬರಲಿಲ್ಲ. ಬೆಲೆ ಮಾತ್ರ 450 ಆಗಿತ್ತು. "ಈಗ ಹೆಸರು ಸಿಕ್ಕಿದೆಯಲ್ಲ" ಅಂದ. ಸ್ನೇಹಿತರಿಗೆ ಕಳಿಸುವ ಹಾಗೆ ದುಡ್ಡು ಹಾಕಿ ಅಂದ. ಅದೇ ರಾತ್ರಿ ಹಾಕಿದೆ. ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಅಯ್ಯೋ ಪಾಪ, ಇಲ್ಲಿ ಹುಟ್ಟಿದ ಹುಡುಗನಾ?" ಅಂತ ಅಮ್ಮ ಕಣ್ಣಲ್ಲಿ ನೀರು ಹಾಕಿದರು.

ನಮ್ಮ ಕೆಳಗಿನ ಮನೆಯ ಹಿರಿಯರೊಬ್ಬರು ಇಂಥವನ್ನು ಬಹಳ ವರ್ಷಗಳಿಂದ ಕೂಡಿಡುತ್ತಾ ಬಂದವರು. ಪಾರ್ಸೆಲ್ ಬಂದ ದಿನ ಖುಷಿಯಿಂದ ತೋರಿಸಿದೆ. ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಹಾಳೆ ಓದಿದರು. "ಯಾವಾಗ ತೀರಿಕೊಂಡ ಅಂತ ಬರೆದಿದೆ?" ಅಂದರು. 1917 ಅಂದೆ. ಸುಮ್ನೆ ಆ ಮೂರನೇ ಕ್ರಾಸ್ ಮೇಲೆ ಬೆರಳಿಟ್ಟರು.

ಅದರ ನಡುವೆ 1914, 1918 ಅಂತ ಇದೆ. ಹಾಗಾಗಿ ಯುದ್ಧದ ಕಾಲದಲ್ಲೇ ಕೊಟ್ಟದ್ದು ಅಂದುಕೊಂಡಿದ್ದೆ. ಅಲ್ಲ ಮಾರಾಯ್ರೇ! ಅದನ್ನು ಆಗಿನ ಜರ್ಮನಿಯ ಅಧ್ಯಕ್ಷ ಹಿಂಡೆನ್‌ಬುರ್ಗ್ ಶುರು ಮಾಡಿದ್ದೇ 1934ರ ಜುಲೈನಲ್ಲಿ. ಕತ್ತಿ ಇರುವುದು ಮುಂಚೂಣಿಯಲ್ಲಿ ಹೋರಾಡಿ ಬದುಕಿ ಬಂದವರಿಗೆ, ಅದೂ ಅವರೇ ಅರ್ಜಿ ಹಾಕಿದರೆ. ಸತ್ತವರ ಹೆಂಡತಿಗೆ, ತಂದೆ ತಾಯಿಗೆ ಕೊಡುತ್ತಿದ್ದದ್ದು ಬೇರೆ. ಅದು ಕಪ್ಪು, ಕತ್ತಿ ಇರುವುದಿಲ್ಲ. 1917ರಲ್ಲಿ ಸತ್ತವನ ಪಟ್ಟಿಯಲ್ಲಿ 1934ರ ಕ್ರಾಸ್ ಎಲ್ಲಿಂದ ಬಂತು? ಆ ಹಿರಿಯರ ಎದುರು ನನಗೆ ತಲೆ ಎತ್ತಲಿಕ್ಕೆ ಆಗಲಿಲ್ಲ.

ಅವನಿಗೆ ಬರೆದೆ. ಮೊದಲ ಉತ್ತರ: "ಮನೆಯವರಿಗೆ ಕೊಟ್ಟಿರಬಹುದು." ಮನೆಯವರದ್ದು ಕಪ್ಪು ಅಂತ ಬರೆದೆ. ಎರಡನೇ ಉತ್ತರ: "ಹಾಗಾದರೆ ಆಮೇಲೆ ಯಾರೋ ಸೇರಿಸಿ ಹೊಲಿದಿರಬೇಕು." ಬಿಚ್ಚದ ಪಟ್ಟಿ ಅಂತ ಬರೆದವನು ನೀನೇ ಅಲ್ವಾ? ಮೂರನೆಯದ್ದು ಬಂದಾಗ ಮೈ ಉರಿದುಹೋಯಿತು: "ನಾನು ಮಾರಿದ್ದು ಪದಕ. ಹೆಸರಿಗೆ ನಾನು ದುಡ್ಡು ತೆಗೆದುಕೊಂಡಿಲ್ಲ." 130 ಇದ್ದದ್ದು 450 ಆಗಿದ್ದು ಮತ್ಯಾಕೆ? ಹೆಸರಿಗೇ ಅಲ್ವಾ? ಇದಕ್ಕೆ ಉತ್ತರ ಇಲ್ಲ. ಬ್ಲಾಕ್ ಮಾಡಿದ.

ನಾನು ನಂಬಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಮೊದಲನೇ ಯುದ್ಧಕ್ಕೆ ಹೋದ ನಮ್ಮ ಸೈನಿಕರ ಬ್ರಿಟಿಷ್ ಪದಕಗಳಲ್ಲಿ ಅಂಚಿನ ಮೇಲೇ ನಂಬರ್, ಹೆಸರು, ರೆಜಿಮೆಂಟ್ ಕೊರೆದಿರುತ್ತದೆ. ಪದಕ ಅಂದರೆ ಹೆಸರು ಸಿಗುತ್ತದೆ ಅನ್ನುವುದು ನನ್ನ ತಲೆಯಲ್ಲಿತ್ತು. ಜರ್ಮನ್ ಪದಕದಲ್ಲಿ ಸಾಮಾನ್ಯವಾಗಿ ಹೆಸರೇ ಇರುವುದಿಲ್ಲ. 1914ರ ಎರಡನೇ ದರ್ಜೆ ಐರನ್ ಕ್ರಾಸ್ ಸುಮಾರು 50 ಲಕ್ಷ ಜನಕ್ಕೆ ಕೊಟ್ಟಿದ್ದಾರೆ. ಕತ್ತಿಯ ಕ್ರಾಸ್ ಪಡೆದವರು 60 ಲಕ್ಷಕ್ಕೂ ಜಾಸ್ತಿ. ಅಪರೂಪದ ಪದಕಗಳು ಒಟ್ಟಿಗಿದ್ದರೆ ಸೇನಾ ಅಧಿಕಾರಿಗಳ ಹೆಸರಿನ ಹಳೆ ಲಿಸ್ಟ್‌ಗಳಲ್ಲಿ ಹುಡುಕಿ ಒಬ್ಬನ ಹತ್ತಿರ ತಲುಪಬಹುದು. ನನ್ನ ಹತ್ತಿರ ಇರುವಂಥ ಮೂರನ್ನು ಹಿಡಿದು ಯಾರ ಹೆಸರು ಬೇಕಾದರೂ ಹೇಳಬಹುದು.

ಆಮೇಲೆ ಆ ಹಿರಿಯರ ಜೊತೆ ಕೂತು ಹುಡುಕಿದೆ. ಆಗಿನ ಜರ್ಮನಿಯ ದೊಡ್ಡ ರಾಜ್ಯ ಪ್ರಷ್ಯಾದ ಸೇನೆಯ ದಾಖಲೆ ಬಹುಪಾಲು 1945ರಲ್ಲಿ ಬರ್ಲಿನ್ ಪಕ್ಕದ ಪಾಟ್ಸ್‌ಡಾಮ್ ಮೇಲೆ ಬಾಂಬ್ ಬಿದ್ದಾಗ ಸುಟ್ಟುಹೋಗಿದೆ. ಆದರೆ ವುರ್ಟೆಂಬರ್ಗ್‌ನದ್ದು ಉಳಿದಿದೆ. ಅದೂ ಎಲ್ಲಿ? ನಾನಿರುವ ಇದೇ ಸ್ಟುಟ್‌ಗಾರ್ಟ್‌ನ ರಾಜ್ಯ ಪತ್ರಾಗಾರದಲ್ಲಿ. ಸೈನಿಕರ ಹೆಸರು ಬರೆದಿಟ್ಟ ಪುಸ್ತಕದಲ್ಲಿ ಹುಟ್ಟಿದ ಊರೂ ಇರುತ್ತದೆ. ಹಾಳೆಯಲ್ಲಿದ್ದ ರೆಜಿಮೆಂಟಿನಲ್ಲಿ ಆ ಹೆಸರಿನವರು ಇಬ್ಬರು ಸಿಕ್ಕರು. ಇಬ್ಬರೂ ಇಲ್ಲೇ ಸುತ್ತಮುತ್ತಲ ಹಳ್ಳಿಯವರು. ಮಂಗಳೂರಿನ ಸುದ್ದಿಯೇ ಇಲ್ಲ. ದುಡ್ಡು ಹಾಕುವ ಮೊದಲೇ ನೋಡಬಹುದಿತ್ತು. ನೋಡಲಿಲ್ಲ.

ನೀವು ಮಾತ್ರ ಕೊಳ್ಳುವ ಮೊದಲು ನಿಮ್ಮ ಊರು ಹೇಳಬೇಡಿ. ಹೆಸರಿದೆ ಅಂದರೆ ಪದಕದ ಜೊತೆ ಕೊಟ್ಟ ಮೂಲ ಪತ್ರ ಕೇಳಿ, ಟೈಪ್ ಮಾಡಿದ ಹಾಳೆ ಬೇಡ. ಪತ್ರ ಇದ್ದರೂ ಅದು ಇದೇ ಪಟ್ಟಿಯದ್ದು ಅಂತ ನಂಬಬೇಡಿ, 1934ರ ಕ್ರಾಸಿನ ಪತ್ರಗಳು ಬೇಕಾದಷ್ಟು ಸಿಗುತ್ತವೆ. ಸ್ನೇಹಿತರ ಲೆಕ್ಕದಲ್ಲಿ ದುಡ್ಡು ಹಾಕಲೇಬೇಡಿ, ವಾಪಸ್ ಬರುವುದಿಲ್ಲ. ನನಗೆ ಬಂದಿಲ್ಲ.

ಅಮ್ಮನಿಗೆ ಇನ್ನೂ ಹೇಳಿಲ್ಲ. ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದಿದ್ದಾರಂತೆ.

ಇದನ್ನು ಈಗಲೇ ಬರೆಯಲಿಕ್ಕೆ ಕಾರಣ ನಿನ್ನೆ ರಾತ್ರಿ ಕಂಡದ್ದು. ಬೇರೆ ಖಾತೆ, ಬೇರೆ ಪಟ್ಟಿ, ನಾಲ್ಕು ಪದಕ. ಫೋಟೋ ಮಾತ್ರ ಅದೇ ಹುಡುಗನದ್ದು, ಎಡ ಭುಜದ ಮೇಲೆ ಅದೇ ಬಿರುಕು. ಈ ಸಲ ಅವನು ಹುಟ್ಟಿದ್ದು ಬ್ರೆಜಿಲ್‌ನಲ್ಲಂತೆ. ಬೆಲೆ 520 ಯೂರೋ. ದೂರು ಕೊಟ್ಟಿದ್ದೇನೆ. ಬೆಳಿಗ್ಗೆ ನೋಡಿದಾಗಲೂ ಅಲ್ಲೇ ಇತ್ತು.