ತೋಳದ ಹಿಂಡು, ವ್ಯಾಂಪೈರ್, ದೆವ್ವ ಕಾಣುವ ಪತ್ತೇದಾರ: ಗೇ ಪ್ಯಾರಾನಾರ್ಮಲ್ ರೊಮ್ಯಾನ್ಸ್‌ನಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ದೆವ್ವ ಕಾಣುವ ಪತ್ತೇದಾರನಿಗೆ. ಗಂಡಸರಿಬ್ಬರ ಪ್ರೇಮಕ್ಕೆ ಅಲೌಕಿಕ ಬೆರೆಸಿದ ಕಾದಂಬರಿಗಳಲ್ಲಿ ಮೂರು ಬಗೆ ಎದ್ದು ಕಾಣುತ್ತವೆ. ತೋಳವಾಗಿ ಬದಲಾಗುವವರ ಹಿಂಡಿನ ಸರಣಿ ಒಂದು. ಊರು ಅದೇ, ಹಿಂಡು ಅದೇ, ಸಂಪುಟಕ್ಕೊಂದು ಹೊಸ ಜೋಡಿ. ವ್ಯಾಂಪೈರ್ ಕಥೆ ಇನ್ನೊಂದು. ಹೆಚ್ಚಾಗಿ ಒಂದೇ ದಪ್ಪ ಪುಸ್ತಕ, ಇಲ್ಲವೇ ಮೂರರ ಕಟ್ಟು. ಕೊನೆಯದು, ಸತ್ತವರು ಕಣ್ಣಿಗೆ ಬೀಳುವ ಒಬ್ಬ, ಏನೂ ಕಾಣದ ಇನ್ನೊಬ್ಬ, ಇಬ್ಬರೂ ಸೇರಿ ಕೇಸು ಬಿಡಿಸುವ ಸರಣಿ. ಎಷ್ಟು ಸಂಪುಟ ಬಂದರೂ ಜೋಡಿ ಅದೇ. ಕೊನೆಯದನ್ನು ಕೊಂಡು ಓದುತ್ತೇನೆ, ಮೊದಲನೆಯದನ್ನು ಚಂದಾದಲ್ಲಿ ಓದುತ್ತೇನೆ, ವ್ಯಾಂಪೈರನ್ನು ಯಾರಾದರೂ ಕೊಟ್ಟರೆ ಓದುತ್ತೇನೆ. ಡಾನ್‌ಮೇ ಅನ್ನುವ, ಗಂಡಸರಿಬ್ಬರ ಪ್ರೇಮದ ಚೀನೀ ಕಾದಂಬರಿಗಳನ್ನು ಈ ಲೆಕ್ಕಕ್ಕೆ ಹಿಡಿದಿಲ್ಲ, ಅವುಗಳ ಉದ್ದವೂ ಬೇರೆ, ನಡೆಯೂ ಬೇರೆ.

ಹಿಂಡಿನ ಸರಣಿಗಳ ತಕರಾರು ಒಂದೇ, ಆದರೆ ಅದು ಪುಸ್ತಕದ ಬುಡಕ್ಕೇ ಕೊಡಲಿ ಹಾಕುವಂಥದ್ದು: ವಿಧಿ ಗೊತ್ತುಮಾಡಿಟ್ಟ ಜೋಡಿ. ಓದುಗರು ಫೇಟೆಡ್ ಮೇಟ್ಸ್ ಅನ್ನುವುದು ಇದನ್ನೇ. ನಾಯಕ ಬಾಗಿಲು ದಾಟಿ ಬರುತ್ತಾನೆ, ಇನ್ನೊಬ್ಬನ ಮೂಗಿಗೆ ವಾಸನೆ ಬಡಿಯುತ್ತದೆ, ಒಳಗಿನ ತೋಳ ‘ಇವನು ನನ್ನವನು’ ಅನ್ನುತ್ತದೆ. ಅಲ್ಲಿಗೆ ಮುಗಿಯಿತು. ಪ್ರೇಮಕಥೆ ಓಡುವುದೇ ‘ಇವರಿಬ್ಬರೂ ಯಾಕೆ ಒಂದಾಗಬಾರದು’ ಎಂಬುದಕ್ಕೆ ಗಟ್ಟಿಯಾದ ಕಾರಣ ಇದ್ದಾಗ. ಬಂಧ ಆ ಕಾರಣವನ್ನು ಎರಡನೇ ಅಧ್ಯಾಯದಲ್ಲೇ ಕಿತ್ತುಹಾಕುತ್ತದೆ. ಉಳಿದ ಮುನ್ನೂರು ಪುಟ ತುಂಬಿಸಬೇಕಲ್ಲ? ಪಕ್ಕದ ಹಿಂಡಿನವರು ಬಂದು ಯಾರನ್ನಾದರೂ ಎತ್ತಿಕೊಂಡು ಹೋಗುತ್ತಾರೆ. ಅದೂ ಸಾಲದಿದ್ದರೆ ಮುಕ್ಕಾಲು ಪುಸ್ತಕದ ಹೊತ್ತಿಗೆ ಎರಡು ಮಾತಿನಲ್ಲಿ ಬಗೆಹರಿಯಬಹುದಾದ ತಪ್ಪು ತಿಳುವಳಿಕೆಯೊಂದು ಹುಟ್ಟಿ, ಒಬ್ಬ ಕಾರು ಹತ್ತಿ ಹೊರಟುಬಿಡುತ್ತಾನೆ. ಬಂಧ ಎಳೆದಂತಾಗಿ ಇನ್ನೊಬ್ಬನಿಗೆ ಜ್ವರ. ಹೋದವನು ತಿರುಗಿ ಬರುತ್ತಾನೆ. ಪ್ರೀತಿಯಿಂದ ಬಂದನೋ, ಜ್ವರ ಇಳಿಸಲು ಬಂದನೋ? ಲೇಖಕರಿಗೇ ಖಚಿತವಿಲ್ಲದ್ದು ಓದುವವರಿಗೆ ಹೇಗೆ ಗೊತ್ತಾಗಬೇಕು.

ಒಪ್ಪಿಗೆಯ ವಿಷಯಕ್ಕೆ ಬಂದರೆ ಇನ್ನೂ ಕಷ್ಟ. ಈಚಿನ ಪುಸ್ತಕಗಳಲ್ಲಿ ಹಿಂಡಿನ ನಾಯಕ ಬಹಳ ಮರ್ಯಾದಸ್ಥ. ‘ನಿನಗೆ ಇಷ್ಟವಿದ್ದರೆ ಮಾತ್ರ’ ಅನ್ನುತ್ತಾನೆ. ಆದರೆ ಬಂಧವನ್ನು ನಿರಾಕರಿಸಿದರೆ ತೋಳ ಕೊರಗಿ ಸಾಯುತ್ತದೆ ಎಂದು ಹತ್ತು ಪುಟ ಹಿಂದೆಯೇ ಹಿಂಡಿನ ಹಿರಿಯರೊಬ್ಬರು ಹೇಳಿಯಾಗಿದೆ. ಒಲ್ಲೆ ಅಂದರೆ ಎದುರಿಗಿದ್ದವನ ಪ್ರಾಣ ಹೋಗುತ್ತದೆ ಎಂದು ಗೊತ್ತಿದ್ದೂ ಹೂಂ ಅನ್ನುವವನನ್ನು ಒಪ್ಪಿದವನು ಅನ್ನಲಾಗದು. ಈ ಎರಡು ಪುಟಗಳು ಒಂದೇ ಪುಸ್ತಕದಲ್ಲಿವೆ ಎಂಬುದು ಸಂಪಾದಕರ ಕಣ್ಣಿಗೂ ಬೀಳದಿರುವುದು ಸೋಜಿಗ.

ಗಂಡು-ಹೆಣ್ಣಿನ ತೋಳಕಥೆಗೂ ಈ ಕಾಯಿಲೆ ಇದೆ, ಸರಿ. ಆದರೆ ಗೇ ಪ್ರೇಮಕಥೆಯಲ್ಲಿ ನಷ್ಟ ದೊಡ್ಡದು. ಇಲ್ಲಿ ಎಲ್ಲಕ್ಕಿಂತ ರುಚಿಯಾದ ಭಾಗ ಯಾವುದು? ಎದುರಿಗಿರುವವನು ತನ್ನಂತೆಯೋ ಅಲ್ಲವೋ ಎಂದು ಒಬ್ಬ ಅಳೆಯುವ ಹೊತ್ತು. ಒಂದು ತಮಾಷೆ ಮಾತು ಎಸೆದು ಮುಖ ನೋಡುವುದು, ಹಳೆಯ ಗೆಳೆಯನ ಹೆಸರು ಬಾಯಿಗೆ ಬಂದಾಗ ನುಂಗಿಕೊಳ್ಳುವುದು, ಆಮೇಲೆ ಬೇಕೆಂದೇ ಹೇಳುವುದು. ಹೇಳಿದರೆ ಅಪಾಯವಿದೆ, ಹೇಳದಿದ್ದರೆ ಕೈತಪ್ಪುತ್ತದೆ. ಈ ಅಳೆದು ಸುರಿಯುವಿಕೆಯಲ್ಲೇ ಪಾತ್ರಗಳ ಮೂಳೆ ಮಾಂಸ ತುಂಬುವುದು. ತೋಳದ ಮೂಗು ಇಷ್ಟನ್ನೂ ಒಂದೇ ಉಸಿರಿಗೆ ಹಾರಿಸಿಬಿಡುತ್ತದೆ.

ಕೊಳ್ಳುವ ಮುಂಚೆ ಇದನ್ನು ಪತ್ತೆಮಾಡಬಹುದು. ಇ-ಪುಸ್ತಕದ ಉಚಿತ ಸ್ಯಾಂಪಲ್ ಸುಮಾರು ಮೊದಲ ಶೇ 10ರಷ್ಟು ಇರುತ್ತದೆ, ಇಷ್ಟು ಸಾಕು. ಬಂಧದ ಪ್ರಸ್ತಾಪ ಬರುವುದಕ್ಕೆ ಮೊದಲು ಇಬ್ಬರಲ್ಲಿ ಒಬ್ಬನಾದರೂ ಇನ್ನೊಬ್ಬನಿಗಾಗಿ ಸ್ವಂತ ಬುದ್ಧಿಯಿಂದ ಏನಾದರೂ ಮಾಡಿದ್ದಾನೆಯೇ ನೋಡಿ. ಗಾಡಿ ಕೆಟ್ಟಾಗ ನಿಂತು ಸಹಾಯ ಮಾಡಿದ್ದರೂ ಆಯಿತು. ಆಮೇಲೆ, ಬಂಧ ಇಬ್ಬರಿಗೂ ಒಟ್ಟಿಗೆ ತಿಳಿಯುತ್ತದೋ ಒಬ್ಬನಿಗೆ ಮಾತ್ರವೋ ಗಮನಿಸಿ. ಒಬ್ಬನಿಗೆ ಮಾತ್ರ ತಿಳಿದು, ಅವನು ಅದನ್ನು ಬಾಯಿಬಿಡದೆ ಸಾಮಾನ್ಯ ಮನುಷ್ಯನಂತೆ ಮನಸ್ಸು ಗೆಲ್ಲಲು ಒದ್ದಾಡುವ ಕಥೆಯಾದರೆ ಆಸೆ ಇಟ್ಟುಕೊಳ್ಳಬಹುದು. ವಾಸನೆಯ ವರ್ಣನೆಯಲ್ಲಿ ಪೈನ್ ಮರ, ಮಳೆ, ಚರ್ಮದ ಜಾಕೆಟ್ ಮೂರೂ ಒಂದೇ ವಾಕ್ಯದಲ್ಲಿ ಬಂದರೆ ಅಲ್ಲಿಗೇ ಮುಚ್ಚಿಡಿ.

ಹಿಂಡಿನ ಆಲ್ಫಾ-ಬೀಟಾ ಶ್ರೇಣಿಯ ಬಗ್ಗೆ, ಅಂದರೆ ಆಳುವವನು ಆಲ್ಫಾ, ಅವನ ಕೆಳಗಿನವನು ಬೀಟಾ ಎಂಬ ಲೆಕ್ಕದ ಬಗ್ಗೆ, ಒಂದು ಮಾತು. ಈ ಕಲ್ಪನೆಯ ಬೇರು 1947ರಲ್ಲಿ ರುಡಾಲ್ಫ್ ಶೆಂಕೆಲ್ ಪ್ರಕಟಿಸಿದ ಅಧ್ಯಯನದಲ್ಲಿದೆ. ಅವರು ನೋಡಿದ್ದು ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳನ್ನು. ಕಾಡಿನ ಹಿಂಡೆಂದರೆ ಬಹುಪಾಲು ತಂದೆ, ತಾಯಿ, ಮರಿಗಳ ಸಂಸಾರ, ಅಲ್ಲಿ ಗದ್ದುಗೆಗಾಗಿ ಕಾದಾಟ ಸಾಮಾನ್ಯವಲ್ಲ ಎಂದು ತೋಳಗಳ ಅಧ್ಯಯನಕಾರ ಡೇವಿಡ್ ಮೀಚ್ 1999ರಲ್ಲಿ ಬರೆದರು. ಆಲ್ಫಾ ಪದಕ್ಕೆ ತಮ್ಮ ಹಳೆಯ ಪುಸ್ತಕವೇ ಪ್ರಚಾರ ಕೊಟ್ಟಿತ್ತೆಂಬುದು ಅವರಿಗೆ ಗೊತ್ತಿತ್ತು. ಇದನ್ನು ಓದಿಕೊಂಡ ಲೇಖಕರು ಹಿಂಡನ್ನು ಮನೆಯಂತೆ ಬರೆಯುತ್ತಾರೆ: ಅಡುಗೆಮನೆ ಗಲಾಟೆ, ಮೊಂಡು ತಮ್ಮ, ನಿದ್ದೆಗೆಟ್ಟ ಅಣ್ಣ. ಹಿಂಡಿನ ಸರಣಿಗಳ ನಿಜವಾದ ಬಲ ಇದೇ. ಪ್ರೇಮಕ್ಕಿಂತ ಊಟದ ಮೇಜಿನ ದೃಶ್ಯಗಳೇ ಎಷ್ಟೋ ಸಲ ಮನಸ್ಸಿನಲ್ಲಿ ಉಳಿಯುತ್ತವೆ. ಹೆಂಗಸರು ಮಾತ್ರ ಕಾಣೆ; ಕಂಡರೆ ಖಳನಾಯಕಿ, ಇಲ್ಲವೇ ಬಡಿಸುವವಳು.

ಮನುಷ್ಯರನ್ನೇ ಆಲ್ಫಾ, ಬೀಟಾ, ಓಮೆಗಾ ಎಂದು ಹಂಚುವ ಓಮೆಗಾವರ್ಸ್ ಇದರದೇ ಕವಲು, 2010ರ ಸುಮಾರಿಗೆ ಫ್ಯಾನ್‌ಫಿಕ್ಷನ್‌ನಲ್ಲಿ, ಅಂದರೆ ಅಭಿಮಾನಿಗಳು ಬರೆಯುವ ಕಥೆಗಳಲ್ಲಿ, ಮೊಳೆತದ್ದು. ಗಂಡಸರು ಬಸಿರಾಗುವುದೂ ಅದರಲ್ಲಿ ಮಾಮೂಲು. ಬೇಡದವರು ವಿವರಣೆಯಲ್ಲಿ ‘ಎಂಪ್ರೆಗ್’ ಎಂಬ ಟ್ಯಾಗ್ ಇದೆಯೇ ನೋಡಿಕೊಂಡರೆ ಸಾಕು.

ಹಿಂಡಿನ ಪುಸ್ತಕಗಳು ಇಷ್ಟು ಉದ್ದವಾಗುವುದಕ್ಕೂ ಒಂದು ಕಾರಣವಿದೆ. ಅಮೆಜಾನ್‌ನ ಇ-ಪುಸ್ತಕ ಚಂದಾ ಯೋಜನೆ ಕಿಂಡಲ್ ಅನ್‌ಲಿಮಿಟೆಡ್ 2014ರಲ್ಲಿ ಶುರುವಾದಾಗ, ಎರವಲು ಪಡೆದ ಓದುಗ ಪುಸ್ತಕದ ಶೇ 10 ದಾಟಿದರೆ ಲೇಖಕರಿಗೆ ಆ ಎರವಲಿನ ಪೂರ್ತಿ ಹಣ ಸಿಗುತ್ತಿತ್ತು; ಹಾಗಾಗಿ ಸಣ್ಣ ಸಣ್ಣ ಕಂತುಗಳಿಗೆ ಲಾಭ. 2015ರ ಜುಲೈನಿಂದ ಓದಿದ ಪುಟಕ್ಕಿಷ್ಟು ಎಂದಾಯಿತು. ಆಗ ದಪ್ಪ ಪುಸ್ತಕ, ಕೊನೆಗೆ ಅಂಟಿಸಿದ ಬೋನಸ್ ಅಧ್ಯಾಯ, ಬಾಕ್ಸ್ ಸೆಟ್ ಎಲ್ಲಕ್ಕೂ ಬೆಲೆ ಬಂತು. ಹಿಂಡಿನ ಸರಣಿಗಳು ಹೆಚ್ಚಾಗಿ ಸಿಗುವುದು ಇಂಥ ಚಂದಾದಲ್ಲೇ. ಒಂದೇ ವಿಷಯವನ್ನು ಇಬ್ಬರ ಬಾಯಲ್ಲೂ ಎರಡೆರಡು ಸಲ ಹೇಳಿಸುವ ಅಧ್ಯಾಯಗಳನ್ನು ಕಂಡಾಗ ಈ ಲೆಕ್ಕ ನೆನಪಾಗದೆ ಇರುವುದಿಲ್ಲ.

ವ್ಯಾಂಪೈರ್ ಕಥೆಗೆ ಹಿಂಡಿಗಿಂತ ಒಳ್ಳೆಯ ಆಸ್ತಿ ಇದೆ. ಕರೆಯದೆ ಹೊಸ್ತಿಲು ದಾಟುವಂತಿಲ್ಲ ಎಂಬ ನಿಯಮ ಬ್ರಾಮ್ ಸ್ಟೋಕರ್‌ನ 1897ರ ‘ಡ್ರಾಕುಲಾ’ ಕಾದಂಬರಿಯಲ್ಲೇ ಇದೆ. ಹೊಸ್ತಿಲಾಚೆ ಒಬ್ಬ, ಈಚೆ ಒಬ್ಬ, ‘ಒಳಗೆ ಬಾ’ ಎಂಬ ಎರಡು ಮಾತಿಗೆ ಇಡೀ ಅಧ್ಯಾಯ ಕಾಯಿಸಬಹುದು. ಒಪ್ಪಿಗೆಯನ್ನೇ ಕಥೆಯ ಕೀಲಿಯಾಗಿಸುವ ಇಂಥ ನಿಯಮ ಕೈಯಲ್ಲಿದ್ದೂ ಬಹಳಷ್ಟು ಜನ ಅದನ್ನು ಮೂಲೆಗೆ ತಳ್ಳಿ, ಬಿಸಿಲಿಗೆ ಸುಟ್ಟು ಬೂದಿಯಾಗುವ ನಾಟಕವನ್ನೇ ಹಿಡಿದುಕೊಂಡಿದ್ದಾರೆ. ಅದು 1922ರ ಜರ್ಮನ್ ಮೂಕಿಚಿತ್ರದಿಂದ ಬಂದದ್ದು. ಸ್ಟೋಕರ್‌ನ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ, ಶಕ್ತಿ ಮಾತ್ರ ಕಡಿಮೆ. ಇನ್ನು ಜೋಡಿಯ ವಿಷಯ: ಮುನ್ನೂರು ವರ್ಷ ಬಾಳಿದವನಿಗೆ ದುಡ್ಡಿದೆ, ಎಲ್ಲ ಭಾಷೆ ಬರುತ್ತದೆ, ಪಿಯಾನೋ ಬರುತ್ತದೆ. ಎದುರಿಗಿರುವ ಇಪ್ಪತ್ತಮೂರರ ಹುಡುಗನಿಗೆ ಕಚ್ಚಿಸಿಕೊಳ್ಳುವುದು ಬಿಟ್ಟು ಕೆಲಸವಿಲ್ಲ. ಕೊನೆಗೆ ಅವನೂ ವ್ಯಾಂಪೈರ್ ಆಗುತ್ತಾನೋ ಇಲ್ಲವೋ ಎಂಬ ಪ್ರಶ್ನೆ ಎಲ್ಲದರಲ್ಲೂ ಒಂದೇ, ಉತ್ತರವೂ ಬಹುಪಾಲು ಒಂದೇ. ಗದ್ಯ ಚೆನ್ನಾಗಿದ್ದರೆ ಓದಿಸಿಕೊಳ್ಳುತ್ತದೆ.

ಈಗ ಪತ್ತೇದಾರನ ಸರಣಿ. ಇಲ್ಲಿ ಅಲೌಕಿಕ ಶಕ್ತಿ ಮದುವೆ ದಲ್ಲಾಳಿಯ ಕೆಲಸ ಮಾಡುವುದಿಲ್ಲ, ಅಡ್ಡಗೋಡೆಯ ಕೆಲಸ ಮಾಡುತ್ತದೆ. ಹೀಗೊಂದು ದೃಶ್ಯ ಇಟ್ಟುಕೊಳ್ಳಿ: ರಾತ್ರಿ ಬಚ್ಚಲಿಗೆ ಹೋದ ನಾಯಕ ಅಲ್ಲೇ ನಿಂತುಬಿಟ್ಟಿದ್ದಾನೆ, ಟಬ್ಬಿನಲ್ಲಿ ಯಾರೋ ಇದ್ದಾರೆ. ಬಾಗಿಲಿಗೆ ಬಂದ ಇನ್ನೊಬ್ಬನಿಗೆ ಖಾಲಿ ಟಬ್ಬು ಮಾತ್ರ ಕಾಣುತ್ತದೆ. ಅವನು ಟಬ್ಬನ್ನು ನೋಡುವುದಿಲ್ಲ, ನಾಯಕನ ಕಣ್ಣು ಎಲ್ಲಿ ನೆಟ್ಟಿದೆ ನೋಡುತ್ತಾನೆ. ಆ ದಿಕ್ಕಿಗೆ ಅಡ್ಡ ನಿಂತು ಟವೆಲ್ ಕೊಡುತ್ತಾನೆ. ಎರಡನೇ ಸಂಪುಟದಲ್ಲಿ ಇದೇ ಮನುಷ್ಯ ‘ಅಲ್ಲಿ ಏನೂ ಇಲ್ಲ, ಬಾ’ ಅಂದಿದ್ದ. ನಾಲ್ಕನೆಯದರ ಹೊತ್ತಿಗೆ ಕೇಳದೆಯೇ, ದೆವ್ವ ಒಳಬಾರದಂತೆ ಕಿಟಕಿಯ ದಂಡೆಗೆ ಉಪ್ಪು ಹಾಕಿಟ್ಟಿರುತ್ತಾನೆ. ಎಲ್ಲೂ ‘ಪ್ರೀತಿಸುತ್ತೇನೆ’ ಎಂಬ ಮಾತಿಲ್ಲ, ಬೇಕೂ ಇಲ್ಲ. ತನಗೆ ಕಾಣದ್ದನ್ನು ನಂಬಬೇಕೆಂಬುದು ಅವನ ಪರೀಕ್ಷೆ, ನಂಬುತ್ತಾರೆಂಬ ಧೈರ್ಯ ಬರಬೇಕಾದ್ದು ಇವನ ಪರೀಕ್ಷೆ. ಬಚ್ಚಿಟ್ಟ ಬದುಕು, ಹೇಳಿಕೊಂಡರೆ ಹುಚ್ಚ ಅನ್ನಿಸಿಕೊಳ್ಳುವ ಭಯ, ಕೆಲಸ ಹೋಗುವ ಭಯ: ದೆವ್ವದ ಗುಟ್ಟೂ ಗೇ ಆಗಿರುವ ಗುಟ್ಟೂ ಒಂದರ ಮೇಲೊಂದು ಕೂರುತ್ತವೆ, ಲೇಖಕರು ಬೆರಳು ಮಾಡಿ ತೋರಿಸಬೇಕಾಗಿಲ್ಲ.

ಕುಂದಿಲ್ಲವೆಂದಲ್ಲ. ಜೋಡಿ ನೆಲೆನಿಂತ ಮೇಲೆ, ನಾಲ್ಕು ಅಥವಾ ಐದನೇ ಸಂಪುಟದಲ್ಲಿ, ಲೇಖಕರಿಗೆ ಗಾಬರಿಯಾಗುತ್ತದೆ. ಕುತೂಹಲ ಉಳಿಸಲು ಒಬ್ಬನಿಗೆ ನೆನಪು ಹೋಗಿಸುತ್ತಾರೆ, ಇಲ್ಲವೇ ಹಳೆಯ ಪ್ರೇಮಿಯನ್ನು ಕರೆತರುತ್ತಾರೆ. ಚೆನ್ನಾಗಿ ಬರೆಯುವವರು ಬಿಕ್ಕಟ್ಟನ್ನು ಬೇರೆಡೆ ಹುಡುಕುತ್ತಾರೆ: ಯಾರ ಹೆಸರಿನಲ್ಲಿ ಮನೆ, ಸಾಲ ಯಾರದು, ಅಪ್ಪ-ಅಮ್ಮನಿಗೆ ಏನೆಂದು ಪರಿಚಯಿಸುವುದು. ಇನ್ನೊಂದು ಕುಂದು ದೆವ್ವಗಳ ಕಾನೂನಿನದು. ಮೊದಲ ಸಂಪುಟದಲ್ಲಿ ದೆವ್ವ ವಸ್ತುವನ್ನು ಮುಟ್ಟಲಾರದು, ಆರನೆಯದರಲ್ಲಿ ಕುರ್ಚಿ ಎಸೆಯುತ್ತದೆ. ಮೊದಲ ಪುಸ್ತಕದ ಕೇಸು ಹೇಗೆ ಬಗೆಹರಿಯಿತು ನೋಡಿ. ಆಗಲೇ ಹೇಳಿದ ನಿಯಮದಿಂದ ಬಗೆಹರಿದಿದ್ದರೆ ಮುಂದಕ್ಕೂ ನಂಬಬಹುದು, ಕೊನೆಯ ಗಳಿಗೆಯಲ್ಲಿ ಹುಟ್ಟಿದ ಹೊಸ ಶಕ್ತಿಯಿಂದಾದರೆ ಎರಡನೆಯದನ್ನು ಕೊಳ್ಳುವ ಮುಂಚೆ ಯೋಚಿಸಿ. ಅಂದಹಾಗೆ, ಹಾಸಿಗೆ ದೃಶ್ಯಗಳಿಗಾಗಿಯೇ ಓದುವವರಿಗೆ ಇಲ್ಲಿ ಊಟ ಸಾಲದು, ಹಿಂಡಿನತ್ತ ಹೋಗುವುದೇ ವಾಸಿ.

ಆಡಿಯೋ ಕೇಳುವವರಿಗೆ ವ್ಯತ್ಯಾಸ ಇನ್ನೂ ಜೋರು. ಗಂಟೆಗೆ ಸುಮಾರು 9,300 ಪದದಂತೆ ಹಿಡಿದರೆ 80,000 ಪದಗಳ ಕಾದಂಬರಿ ಎಂಟೂವರೆ ಗಂಟೆ. ಓದಿ ಹೇಳುವವನು ಒಬ್ಬನೇ, ಅವನೇ ಇಬ್ಬರು ಗಂಡಸರ ದನಿಯನ್ನು ಬೇರ್ಪಡಿಸಬೇಕು. ಒಬ್ಬನನ್ನು ಗೊಗ್ಗರು, ಇನ್ನೊಬ್ಬನನ್ನು ಕೀಚಲು ಮಾಡಿದರೆ ಎಂಟು ಗಂಟೆ ಸಹಿಸಲಾಗದು. ಸ್ಯಾಂಪಲ್ಲಿನ ಆರಂಭದಲ್ಲಿ ಹೆಚ್ಚಾಗಿ ವರ್ಣನೆ ಇರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಮುಂದಕ್ಕೆ ಓಡಿಸಿ ಸಂಭಾಷಣೆ ಹುಡುಕಿ ಕೇಳಿ. ಒಂದೇ ಜೋಡಿಯ ಸರಣಿಯಲ್ಲಿ ದನಿ ಒಮ್ಮೆ ಒಗ್ಗಿದರೆ ಕೊನೆಯವರೆಗೂ ನಿಶ್ಚಿಂತೆ. ಹಿಂಡಿನಲ್ಲಿ ಓದಿ ಹೇಳುವವನು ಸಂಪುಟಕ್ಕೊಬ್ಬನಾದರೆ, ಹಿಂದಿನ ಸಂಪುಟದ ನಾಯಕ ಈ ಸಲ ಬೇರೆ ಗಂಟಲಲ್ಲಿ ಮಾತಾಡುತ್ತಾನೆ.

ನಾನು ಓದುವುದು ಮಲಗುವ ಮುಂಚೆ ಒಂದೋ ಎರಡೋ ಅಧ್ಯಾಯ, ಪುಸ್ತಕದ ಖರ್ಚಿಗೆ ತಿಂಗಳಿಗೊಂದು ಮಿತಿ. ಈ ಅಭ್ಯಾಸಕ್ಕೆ ಪತ್ತೇದಾರ ಸರಿಹೊಂದುತ್ತಾನೆ: ಕೇಸು ಒಂದೇ ಸಂಪುಟದಲ್ಲಿ ಮುಗಿಯುತ್ತದೆ, ಮುಂದಿನದಕ್ಕೆ ತಿಂಗಳು ಕಾದರೂ ಎಳೆ ತಪ್ಪುವುದಿಲ್ಲ, ಪರಿಚಿತರ ಮನೆಗೆ ಹೋದಷ್ಟು ಸಲೀಸು. ಮೊದಲ ಸಂಪುಟವನ್ನು ಬಿಡಿಯಾಗಿ ಕೊಳ್ಳಿ. ಇಷ್ಟವಾದರೆ ಎರಡರಿಂದ ಮುಂದಕ್ಕೂ ಬಿಡಿಯಾಗಿಯೇ. ಒಂದರಿಂದ ಮೂರರ ಕಟ್ಟು ಅಗ್ಗ ಕಂಡರೂ ಮೊದಲನೆಯದು ಕೈಯಲ್ಲಿದ್ದವರಿಗೆ ಅದು ಎರಡನೇ ಪ್ರತಿ.

ವಾರಾಂತ್ಯಕ್ಕೆ ಎರಡು ಮೂರು ಪುಸ್ತಕ ನುಂಗುವವರು ಹಿಂಡನ್ನೇ ಹಿಡಿಯಲಿ, ಆದರೆ ಕೊಳ್ಳಬೇಡಿ. ಕಿಂಡಲ್ ಅನ್‌ಲಿಮಿಟೆಡ್‌ನಲ್ಲಿ ಒಮ್ಮೆಗೆ 20 ಪುಸ್ತಕ ಇಟ್ಟುಕೊಳ್ಳಬಹುದು. ಇಡೀ ಸರಣಿ ಇಳಿಸಿ, ಒಂದು ತಿಂಗಳಲ್ಲಿ ಮುಗಿಸಿ, ಚಂದಾ ನಿಲ್ಲಿಸಿ. ನಿಲ್ಲಿಸಿದರೆ ಪುಸ್ತಕಗಳೂ ಹೋಗುತ್ತವೆ, ಹೋಗಲಿ, ಎರಡನೇ ಸಲ ಓದುವಂಥವು ಕಡಿಮೆ. ಸ್ವಯಂಪ್ರಕಾಶಿತ ಲೇಖಕರು ಅಲ್ಲಿಗೆ ಸೇರುವಾಗ ಇ-ಪುಸ್ತಕವನ್ನು 90 ದಿನ ಬೇರೆಲ್ಲೂ ಮಾರುವಂತಿಲ್ಲ. ಅವಧಿ ಮುಗಿದ ಮೇಲೆ ಹೊರಬರಬಹುದು. ಆದ್ದರಿಂದ ಶುರುಮಾಡುವ ದಿನವೇ ಎಲ್ಲ ಸಂಪುಟಗಳೂ ಚಂದಾದೊಳಗಿವೆಯೇ ನೋಡಿಕೊಳ್ಳಿ. ಪಟ್ಟಿಯಲ್ಲಿ 3.5, 5.5 ಎಂಬ ಸಂಖ್ಯೆಗಳಿದ್ದರೆ ಅವು ನಡುವಿನ ಕಿರುಕಾದಂಬರಿಗಳು. ಪತ್ತೇದಾರನಲ್ಲಿ ಅವನ್ನು ಬಿಟ್ಟರೂ ನಡೆಯುತ್ತದೆ. ಹಿಂಡಿನಲ್ಲಿ ಬಿಡಬೇಡಿ: ಹಿಂಡಿನ ಆಲ್ಫಾ ಬದಲಾಗುವುದು, ಹಿಂಡು ಒಡೆಯುವುದು ಎಷ್ಟೋ ಸಲ ಅಂಥ ತೊಂಬತ್ತು ಪುಟದ ತುಣುಕಿನಲ್ಲೇ ನಡೆದುಹೋಗಿ, ನಾಲ್ಕನೆಯದರ ಮೊದಲ ಪುಟ ಅದೆಲ್ಲ ನಿಮಗೆ ಗೊತ್ತು ಎಂದುಕೊಂಡೇ ಶುರುವಾಗುತ್ತದೆ.