ಕೊಳದ ಮರಗಳಿಗೆ ಪೋಲರೈಸರೋ, ಬೂದು ಫಿಲ್ಟರೋ, ತಲೆಕೆಳಗಾದ ಮೊಬೈಲೋ?

ಕೊಳದ ದಡದ ಮರಗಳನ್ನೂ ನೀರಿನಲ್ಲಿ ಬೀಳುವ ಅವುಗಳ ಪ್ರತಿಬಿಂಬವನ್ನೂ ಒಟ್ಟಿಗೆ ಚಿತ್ರ ತೆಗೆಯಲು ಈ ಮೂರನ್ನೂ ಪರೀಕ್ಷಿಸಿದೆ. ಗೆದ್ದದ್ದು ಮೊಬೈಲ್. 140 ಪೌಂಡ್ ತೆತ್ತು ತಂದ ಪೋಲರೈಸರ್ ಫಿಲ್ಟರ್, ಅಂದರೆ ಲೆನ್ಸಿನ ಮುಂದೆ ಹಾಕಿ ತಿರುಗಿಸುತ್ತ ಹೊಳಪು ತಗ್ಗಿಸುವ ಗಾಜು, ಈಗ ಕಪಾಟಿನಲ್ಲಿ ಕಾಲುಚೀಲಗಳ ನಡುವೆ ಮಲಗಿದೆ. ಆ ಹೊಟ್ಟೆಯುರಿಯಲ್ಲೇ ಇದನ್ನು ಬರೆಯುತ್ತಿದ್ದೇನೆ.

ಪರೀಕ್ಷೆ ನಡೆದದ್ದು ಇಂಗ್ಲೆಂಡಿನ ಸಸೆಕ್ಸ್‌ನಲ್ಲಿರುವ ಶೆಫೀಲ್ಡ್ ಪಾರ್ಕ್ ಉದ್ಯಾನದಲ್ಲಿ, ಅಕ್ಟೋಬರ್ ಕೊನೆಯ ಎರಡು ವಾರಾಂತ್ಯ. ಹೆಸರಾಂತ ಉದ್ಯಾನ ವಿನ್ಯಾಸಕ ಕೇಪಬಿಲಿಟಿ ಬ್ರೌನ್ 18ನೇ ಶತಮಾನದಲ್ಲಿ ಕೈಯಾಡಿಸಿದ ತೋಟ ಅದು. 20ನೇ ಶತಮಾನದ ಆರಂಭದಲ್ಲಿ ಅದನ್ನು ಕೊಂಡ ಆರ್ಥರ್ ಸೋಮ್ಸ್, ಎಲೆ ಉದುರುವ ಮುಂಚಿನ ಬಣ್ಣದ ಮೇಲೆ ಕಣ್ಣಿಟ್ಟೇ ಮರಗಳನ್ನು ನೆಡಿಸಿದರು. 1954ರಿಂದ ಪಾರಂಪರಿಕ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ನೋಡಿಕೊಳ್ಳುತ್ತಿದೆ. ಒಂದಕ್ಕೊಂದು ಹೊಂದಿಕೊಂಡ ಕೊಳಗಳು, ದಡದಲ್ಲಿ ಕೆಂಡದಂಥ ಟುಪೆಲೊ, ಮೇಪಲ್, ತಾಮ್ರದ ಬಣ್ಣಕ್ಕೆ ತಿರುಗಿದ ಸ್ವಾಂಪ್ ಸೈಪ್ರಸ್. ಮೈಸೂರಿನ ರಸ್ತೆ ಬದಿಯ ಬಾದಾಮಿ ಮರದ ಕೆಂಪೆಲೆಯನ್ನಷ್ಟೇ ನೋಡಿ ಬೆಳೆದವನು ನಾನು. ಮೊದಲ ಅರ್ಧ ಗಂಟೆ ಕ್ಯಾಮೆರಾ ಚೀಲದ ಜಿಪ್ಪನ್ನೇ ತೆಗೆಯಲಿಲ್ಲ.

ಪೋಲರೈಸರ್ ಹಾಕಿದರೆ ಎಲೆಯ ಮೇಲಿನ ಬಿಳಿ ಹೊಳಪು ಇಳಿದು ಬಣ್ಣ ಗಾಢವಾಗುತ್ತದೆ ಎಂದು ಓದಿಯೇ ಕೊಂಡದ್ದು. ಅದು ಸುಳ್ಳಲ್ಲ. ಆದರೆ ನೀರಿನ ಪ್ರತಿಬಿಂಬವೂ ಒಂದು ಹೊಳಪೇ ಅಲ್ಲವೇ? ಫಿಲ್ಟರಿನ ಬಳೆಯನ್ನು ತಿರುಗಿಸುತ್ತ ಹೋದಂತೆ ಎಲೆ ಕೆಂಪಾಯಿತು, ಕೊಳದೊಳಗಿನ ಮರ ಮಾಯವಾಯಿತು. ಅದರ ಜಾಗದಲ್ಲಿ ಕಂಡದ್ದು ತಳದ ಕೆಸರು ಮತ್ತು ಕೊಳೆತ ಎಲೆ. ಇನ್ನೊಂದು ಕಾಲು ಸುತ್ತು ತಿರುಗಿಸಿದರೆ ನೀರಿನ ಮರ ಮರಳಿತು, ದಡದ ಮರ ಮತ್ತೆ ಪೇಲವವಾಯಿತು. ನಡುವೆ ಎಲ್ಲೋ ನಿಲ್ಲಿಸಿದರೆ ಎರಡೂ ಅರೆಬರೆ.

ಇದಾದರೂ ಸಹಿಸಬಹುದಿತ್ತು. ಕ್ಯಾಮೆರಾ ಅಡ್ಡವಾಗಿದ್ದಾಗ ಪ್ರತಿಬಿಂಬ ಪೂರ್ತಿ ಕಾಣುವಂತೆ ಬಳೆಯನ್ನು ಹೊಂದಿಸಿಕೊಂಡೆ. ಎದುರಿಗಿದ್ದ ಎತ್ತರದ ಸೈಪ್ರಸ್‌ಗಾಗಿ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿದೆ. ಕ್ಯಾಮೆರಾದ ಜೊತೆ ಫಿಲ್ಟರೂ 90 ಡಿಗ್ರಿ ತಿರುಗುತ್ತದೆ ಎಂಬುದು ಹೊಳೆಯಲೇ ಇಲ್ಲ. ಅಂದರೆ ಯಾವುದನ್ನು ಉಳಿಸಲು ಹೊಂದಿಸಿದ್ದೆನೋ ಅದನ್ನೇ ಅಳಿಸುವ ಸ್ಥಾನಕ್ಕೆ ಅದು ಬಂದು ಕುಳಿತಿತ್ತು. ಬಿಸಿಲಿನಲ್ಲಿ ಪರದೆ ಸರಿಯಾಗಿ ಕಾಣುತ್ತಿರಲಿಲ್ಲ. ಮನೆಗೆ ಬಂದು ನೋಡಿದರೆ ನಲವತ್ತು ಚಿತ್ರಗಳಲ್ಲಿ ಪ್ರತಿಬಿಂಬದ ಬುಡ ಇದೆ, ತಲೆ ಇಲ್ಲ. ನೀರಿನ ಮಟ್ಟಕ್ಕೆ ಸುಮಾರು 37 ಡಿಗ್ರಿ ಕೋನದಲ್ಲಿ ನೋಡುವಾಗ ಫಿಲ್ಟರಿನ ಪ್ರಭಾವ ಅತಿ ಹೆಚ್ಚು. ದೂರದ ನೀರಿನ ಮೇಲೆ ಕಡಿಮೆ. ಮರದ ತುದಿಯ ಬಿಂಬ ಬೀಳುವುದು ನಮ್ಮ ಕಾಲ ಬಳಿಯ ನೀರಿನಲ್ಲಿ, ಹಾಗಾಗಿ ಮರದ ತಲೆಯೇ ಹಾರಿತು. ಸಾಲದ್ದಕ್ಕೆ ಇದು ಒಂದೂವರೆ ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿದಂತೆ) ಬೆಳಕನ್ನೂ ನುಂಗುತ್ತದೆ.

ಬೂದು ಫಿಲ್ಟರ್, ಅಂದರೆ ಮೇಲರ್ಧ ಮಬ್ಬಾಗಿ ಕೆಳಗರ್ಧ ತಿಳಿಯಾಗಿರುವ ಗ್ರಾಜುಯೇಟೆಡ್ ಫಿಲ್ಟರ್, ಗೆಳೆಯನಿಂದ ಎರವಲು ತಂದದ್ದು. ನೀರಿನ ಬಿಂಬ ನಿಜವಾದ ಮರಕ್ಕಿಂತ ಕಪ್ಪಾಗಿರುವುದರಿಂದ ಇದು ತಕ್ಕ ಮದ್ದೇ. ಆದರೆ ಗಾಢವಾದದ್ದನ್ನು ಹಾಕಿದರೆ ಬಿಂಬವೇ ಮರಕ್ಕಿಂತ ಹೆಚ್ಚು ಬೆಳಕಾಗಿ ಚಿತ್ರ ಸುಳ್ಳಾಗುತ್ತದೆ. ದಡ ನೇರವಾಗಿರಬೇಕು, ಫಿಲ್ಟರ್ ಹಿಡಿಯುವ ಚೌಕಟ್ಟನ್ನು ಲೆನ್ಸಿಗೆ ಕಚ್ಚಿಸಬೇಕು, ಗಾಜನ್ನು ಉಜ್ಜಬೇಕು. ಅಷ್ಟರಲ್ಲಿ ಬಾತುಕೋಳಿಯೊಂದು ಕೊಳವನ್ನು ಸೀಳಿಕೊಂಡು ಹೋಗಿರುತ್ತದೆ.

ಇನ್ನು ಮೊಬೈಲ್. ತಲೆಕೆಳಗು ಮಾಡಿ ಹಿಡಿದರೆ ಲೆನ್ಸ್ ನೀರಿಗೆ ನಾಲ್ಕು ಬೆರಳು ದೂರಕ್ಕೆ ಬರುತ್ತದೆ. ನೇರ ಕೆಳಗೆ ನೋಡಿದರೆ ನೀರು ಹಿಂದಿರುಗಿಸುವುದು ಬಿದ್ದ ಬೆಳಕಿನ ಶೇಕಡಾ 2ರಷ್ಟನ್ನು ಮಾತ್ರ. ನೋಟ ಓರೆಯಾದಷ್ಟೂ ಅದು ಏರುತ್ತ ಕನ್ನಡಿಯೇ ಆಗುತ್ತದೆ. ಇನ್ನೊಂದು ಲಾಭವೂ ಉಂಟು. ನೀರಿನಲ್ಲಿ ಕಾಣುವುದು ನಾವು ನೋಡುತ್ತಿರುವ ಮರದ ನಕಲಲ್ಲ, ನಾವು ನೀರಿನಿಂದ ಎಷ್ಟು ಮೇಲಿದ್ದೇವೋ ಅಷ್ಟೇ ಕೆಳಗಿನಿಂದ ಕಾಣುವ ಮರ. ಕೆಳಗೆ ಕುಳಿತರೆ ಎರಡೂ ಒಂದಕ್ಕೊಂದು ಸರಿಹೊಂದುತ್ತವೆ; ಸೇತುವೆಯ ಮೇಲೆ ನಿಂತರೆ ಹೊಂದುವುದಿಲ್ಲ. ಮೊಬೈಲಿಗೂ ಒಂದು ಚಟವಿದೆ, ನೆರಳನ್ನೆಲ್ಲ ತಾನಾಗಿಯೇ ಬೆಳಗಿಸಿಬಿಡುತ್ತದೆ. ಕೆಂಪೆಲೆಯ ಮೇಲೆ ಬೆರಳೊತ್ತಿ ಬೆಳಕನ್ನು ಸ್ವಲ್ಪ ಇಳಿಸಿದರೆ ಸಾಕು.

ಗೋಡೆಯಗಲದ ಮುದ್ರಣ ಬೇಕಾದವರಿಗೆ ಮೊಬೈಲ್ ಸಾಲದು. ಅವರು ಫಿಲ್ಟರಿಲ್ಲದ ಕ್ಯಾಮೆರಾವನ್ನೇ ನೆಲಮಟ್ಟಕ್ಕೆ ಇಳಿಸಲಿ. ನನ್ನ ಚಿತ್ರಗಳು ಹೋಗುವುದು ಮನೆಯವರ ವಾಟ್ಸಾಪ್ ಗುಂಪಿಗೆ. ಅಮ್ಮ ಅಲ್ಲಿ ನೋಡಿ, "ಯಾವುದು ಮೇಲೆ, ಯಾವುದು ಕೆಳಗೆ?" ಎಂದು ಕೇಳಿದರು. ಕ್ಯಾಮೆರಾದ ಚಿತ್ರಗಳಿಗೆ ಅವರಿಂದ ಒಂದು ಹೆಬ್ಬೆಟ್ಟಷ್ಟೇ ಬಂದಿತ್ತು.

ಪೋಲರೈಸರ್ ಮಾನ ಉಳಿಸಿಕೊಂಡದ್ದು ಕೊಳಗಳ ನಡುವಿನ ಪುಟ್ಟ ಜಲಪಾತದ ಒದ್ದೆ ಕಲ್ಲುಗಳ ಮೇಲೆ ಮಾತ್ರ. ಅರ್ಧ ಬೆಲೆಗೆ ಯಾರಾದರೂ ಕೇಳಿದರೆ ಕೊಟ್ಟುಬಿಡುತ್ತೇನೆ. ಮುಂದಿನ ಅಕ್ಟೋಬರ್‌ಗೆ ಕೊಳ್ಳಬೇಕಾದದ್ದು ಮೊಬೈಲಿಗೆ ಒಂದು ಕುತ್ತಿಗೆ ದಾರ, ಮೊಣಕಾಲ ಕೆಳಗೆ ಹಾಸಲು ಒಂದು ಪ್ಲಾಸ್ಟಿಕ್ ಹಾಳೆ.