ಘಾಟಿ ರಸ್ತೆಗೆ ಯಾವುದು: 6 ಮೀಟರಿನ ವ್ಯಾನೋ, 7.4 ಮೀಟರಿನ ಮೋಟಾರ್‌ಹೋಮೋ?

ಮೊದಲೇ ಹೇಳಿಬಿಡುತ್ತೇನೆ, ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಊರೂರು ಸುತ್ತುವ ಗಾಡಿಗಳಲ್ಲಿ ಬೆಟ್ಟದ ದಾರಿಗೆ ನನ್ನ ಓಟು 6 ಮೀಟರಿನ ವ್ಯಾನಿಗೆ. 7.4 ಮೀಟರಿನ ಮೋಟಾರ್‌ಹೋಮ್, ಕಾರಿನ ಹಿಂದೆ ಎಳೆದೊಯ್ಯುವ ಕ್ಯಾರವಾನ್ ಎರಡನ್ನೂ ಘಾಟಿಗಳಲ್ಲಿ ಓಡಿಸಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ. ಹಾಸಿಗೆ ಎಷ್ಟು, ಒಲೆ ಎಷ್ಟು ಎಂಬುದೆಲ್ಲ ಮಾರುವವರೇ ಹೇಳುತ್ತಾರೆ. ಅವರು ಬಾಯಿಬಿಡದ ಅಳತೆ ಒಂದಿದೆ: ಹಿಂದಿನ ಆಕ್ಸಲ್‌ನಿಂದ ಹಿಂದಿನ ಬಂಪರ್‌ವರೆಗಿನ ಉದ್ದ. ಇದನ್ನು ಬಾಲ ಎಂದೇ ಕರೆಯೋಣ. ಬೆಟ್ಟದಲ್ಲಿ ಪೇಚಿಗೆ ಸಿಕ್ಕಿಸುವುದು ಇದೇ.

ವ್ಯಾನು, ಮೋಟಾರ್‌ಹೋಮ್ ಎರಡನ್ನೂ ಒಂದೇ ಫಿಯಟ್ ಡುಕಾಟೊ ಚಾಸಿಯ ಮೇಲೆ ಕಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಎರಡು ಆಕ್ಸಲ್‌ಗಳ ನಡುವೆ 4,035 ಮಿ.ಮೀ., ಮುಂದಿನ ಚಕ್ರದಿಂದ ಮೂತಿಯವರೆಗೆ ಸುಮಾರು 95 ಸೆಂ.ಮೀ. ಉಳಿದದ್ದೆಲ್ಲ ಬಾಲ. ವ್ಯಾನಿನಲ್ಲಿ ಅದು 1 ಮೀಟರ್, ದೊಡ್ಡದರಲ್ಲಿ 2.4 ಮೀಟರ್. ಒಳಗೆ ವಿಶಾಲವಾಗಿ ಕಾಣುವ ಜಾಗವೆಲ್ಲ ಹಿಂದಿನ ಚಕ್ರದ ಆಚೆ ಗಾಳಿಯಲ್ಲಿ ತೂಗುತ್ತಿರುತ್ತದೆ.

ಮೊದಲ ತೊಂದರೆ ನೆಲಕ್ಕೆ ಉಜ್ಜುವುದು. ಬಾಲದ ತುದಿ ನೆಲದಿಂದ 35 ಸೆಂ.ಮೀ. ಮೇಲಿದ್ದರೆ ದೊಡ್ಡ ಗಾಡಿ ತಡೆಯುವುದು ಸುಮಾರು 8 ಡಿಗ್ರಿ ಮಾತ್ರ. ಅಂದರೆ ಸಮತಟ್ಟಾದ ರಸ್ತೆಯಿಂದ ನೂರಕ್ಕೆ 15ರ ಏರಿಗೆ ತಿರುಗಿಸಿದರೆ ಹಿಂಬದಿ ಕೆರೆಯುತ್ತದೆ. ವ್ಯಾನಿನ ತುದಿ 30 ಸೆಂ.ಮೀ. ಎತ್ತರದಲ್ಲೇ ಇದ್ದರೂ 16 ಡಿಗ್ರಿವರೆಗೆ ಸಲೀಸು. ಬೆಟ್ಟದ ಊರುಗಳಲ್ಲಿ ಪಾರ್ಕಿಂಗ್ ಜಾಗಕ್ಕೆ ಹತ್ತುವ ಬಾಯಿ, ಪೆಟ್ರೋಲ್ ಬಂಕಿನ ಏರು ಎಲ್ಲ ಇಂಥವೇ. ಮೊದಲು ಏಟು ತಿನ್ನುವುದು ಹೆಚ್ಚಾಗಿ ಬಳಸಿದ ನೀರಿನ ಪೈಪು ಮತ್ತು ಅದರ ವಾಲ್ವ್. ಪ್ಲಾಸ್ಟಿಕ್ಕಿನ ವಾಲ್ವ್ ಸೀಳಿದ್ದು ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ, ರಾತ್ರಿ ಪಾತ್ರೆ ತೊಳೆದ ಮೇಲೆ ಗಾಡಿಯ ಕೆಳಗೆ ತೇವ ಕಾಣುತ್ತದೆ.

ಇದಕ್ಕೆ ಉಪಾಯವಿದೆ, ಆದರೆ ಪ್ರತಿ ಸಲವೂ ಮಾಡಬೇಕು. ಏರಿಗೆ ನೇರವಾಗಿ ನುಗ್ಗದೆ ಓರೆಯಾಗಿ ಹತ್ತಿಸಿ, ಹಿಂದಿನ ಒಂದು ಚಕ್ರ ಮೊದಲು ಏರಲಿ. ಜಾಗವಿಲ್ಲದಿದ್ದರೆ ಹಿಂದಿನ ಚಕ್ರಗಳು ಏರಿನ ಬುಡ ಮುಟ್ಟುವ ಕಡೆ ಎರಡೂ ಬದಿಗೆ 5 ಸೆಂ.ಮೀ. ದಪ್ಪದ ಹಲಗೆ ಹಾಸಿ. ಬಳಸಿದ ನೀರಿನ ಟ್ಯಾಂಕು ತುಂಬಿದ್ದರೆ ನಿಗದಿತ ಜಾಗದಲ್ಲಿ ಖಾಲಿ ಮಾಡಿಕೊಂಡೇ ಹೊರಡಿ, ಸ್ಪ್ರಿಂಗ್ ಅಷ್ಟು ಮೇಲೇಳುತ್ತದೆ. ಹಿಂದಿನ ಆಕ್ಸಲ್‌ಗೆ ಏರ್ ಬೆಲೋ (ಗಾಳಿ ತುಂಬುವ ರಬ್ಬರ್ ಚೀಲ) ಹಾಕಿಸಿದರೂ ಒಂದೆರಡು ಇಂಚು ಸಿಗುತ್ತದೆ.

ಎರಡನೆಯದು ಬಾಲ ಬೀಸುವುದು. ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದರೆ ಹಿಂದಿನ ಬಲಮೂಲೆ ಬಲಕ್ಕೆ ಹೊರಳುತ್ತದೆ. ದೊಡ್ಡ ಗಾಡಿಯಲ್ಲಿ ಇದು ಹತ್ತಿರ ಹತ್ತಿರ 45 ಸೆಂ.ಮೀ., ವ್ಯಾನಿನಲ್ಲಿ 10 ಸೆಂ.ಮೀ. ಒಳಗೆ. ಹೇರ್‌ಪಿನ್ ತಿರುವಿನಲ್ಲಿ ಡ್ರೈವರಿನ ಕಣ್ಣೆಲ್ಲ ತಿರುವಿನ ಒಳಗಡೆ ಇರುತ್ತದೆ, ಹೊರಗಡೆಯ ಮೂಲೆ ಆಗಲೇ ತಡೆಗೋಡೆಗೋ ಎದುರು ಬಂದು ನಿಂತ ಬಸ್ಸಿಗೋ ತಾಗಿರುತ್ತದೆ. ಗೋಡೆ ಪಕ್ಕ ನಿಲ್ಲಿಸಿ ಹೊರಡುವಾಗಲೂ ಹಾಗೆಯೇ. ಮೊದಲು ಎರಡು ಮೂರು ಮೀಟರ್ ನೇರ ಹೋಗಿ, ಕನ್ನಡಿಯಲ್ಲಿ ಆ ಮೂಲೆಯನ್ನು ನೋಡುತ್ತಲೇ ನಿಧಾನ ತಿರುಗಿಸಬೇಕು.

ಮೂರನೆಯದು ತೂಕ. ಬಂಪರಿನಿಂದ ಅರ್ಧ ಮೀಟರ್ ಹಿಂದೆ 60 ಕಿಲೋ ಸೈಕಲ್ಲುಗಳನ್ನು ತೂಗುಹಾಕಿದರೆ ದೊಡ್ಡ ಗಾಡಿಯ ಹಿಂದಿನ ಆಕ್ಸಲ್ ಮೇಲೆ ಬೀಳುವುದು 60 ಅಲ್ಲ, ಸುಮಾರು 103 ಕಿಲೋ. ಉಳಿದ 43 ಕಿಲೋ ಎಲ್ಲಿಂದ ಬಂತು? ಮುಂದಿನ ಚಕ್ರದಿಂದ, ಸನ್ನೆಗೋಲಿನ ಹಾಗೆ. ಗಾಡಿಯನ್ನು ಎಳೆಯುವುದು ಆ ಮುಂದಿನ ಚಕ್ರವೇ. ಒದ್ದೆ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಟರೆ ಚಕ್ರ ಸುಮ್ಮನೆ ಸುತ್ತುವುದು ಇದಕ್ಕೇ. ಸಾಮಾನನ್ನೆಲ್ಲ ಎರಡು ಆಕ್ಸಲ್‌ಗಳ ನಡುವೆ ತನ್ನಿ, ಕುಡಿಯುವ ನೀರಿನ ಟ್ಯಾಂಕು ಹಿಂದೆ ಇದ್ದರೆ ಘಾಟಿ ಹತ್ತುವಾಗ ಕಾಲು ಭಾಗ ಸಾಕು. ಆಕ್ಸಲ್‌ಗಳನ್ನು ಬೇರೆಬೇರೆಯಾಗಿ ತೂಕ ಹಾಕಿಸಿ ನೋಡಿ. ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನದು ಮೀರಿರಬಹುದು.

ಇಳಿಯುವಾಗ ಎರಡಕ್ಕೂ ಶಿಸ್ತು ಒಂದೇ. 3,500 ಕಿಲೋ ಗಾಡಿ 1,000 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಒಂದು ಕಿಲೋವ್ಯಾಟ್ ಹೀಟರ್ ಒಂಬತ್ತೂವರೆ ಗಂಟೆ ಉರಿದಷ್ಟು. ಅದರಲ್ಲಿ ಆದಷ್ಟು ಪಾಲನ್ನು ಎಂಜಿನ್ ತಡೆಯಬೇಕು, ಬ್ರೇಕ್ ಅಲ್ಲ. ಇಳಿಜಾರು ಶುರುವಾಗುವ ಮೊದಲೇ ಎರಡನೆಯದೋ ಮೂರನೆಯದೋ ಗೇರಿಗೆ ಬನ್ನಿ. ಬ್ರೇಕನ್ನು ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ. ಕಾಲು ಅದರ ಮೇಲೆ ಇಟ್ಟುಕೊಂಡೇ ಇಳಿಯಬೇಡಿ. ಪೆಡಲ್ ಮೆತ್ತಗಾದರೆ ಬ್ರೇಕ್ ಆಯಿಲ್ ಕುದಿಯುತ್ತಿದೆ ಎಂದರ್ಥ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತಾಳಬೇಕು, ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ.

ಕ್ಯಾರವಾನ್ ಕಣಿವೆಯಲ್ಲಿ ಬಿಟ್ಟು ಕಾರಿನಲ್ಲಿ ಬೆಟ್ಟ ಸುತ್ತುವವರಿಗೆ ಒಳ್ಳೆಯದು, ಘಾಟಿ ದಾಟಿಸಲು ಅಲ್ಲ. ಅದರ ಓವರ್‌ರನ್ ಬ್ರೇಕ್ ಕಾರನ್ನು ಹಿಂದಿನಿಂದ ತಳ್ಳಿದಾಗ ಹಿಡಿಯುತ್ತದೆ, ಹಾಗಾಗಿ ಉದ್ದ ಇಳಿಜಾರಿನಲ್ಲಿ ಎಡೆಬಿಡದೆ ಬಿಸಿಯಾಗುತ್ತಲೇ ಇರುತ್ತದೆ.

ಹಳೆಯ ಊರಿನ ಗಲ್ಲಿಗಳಲ್ಲಿ ವ್ಯಾನಿನ 2.05 ಮೀಟರ್ ಅಗಲಕ್ಕೂ ದೊಡ್ಡದರ 2.3 ಮೀಟರಿಗೂ ಇರುವ ಅಂತರ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಕನ್ನಡಿ ಮಡಚದೆ ಹೋಗುವುದೋ, ಒಬ್ಬರು ಇಳಿದು ದಾರಿ ತೋರಿಸುವುದೋ ಎಂಬುದು ಅಷ್ಟರಲ್ಲೇ ತೀರ್ಮಾನವಾಗುತ್ತದೆ. 3.1 ಮೀಟರ್ ಎತ್ತರದ ಗಾಡಿ ನೂರಕ್ಕೆ 5ರಷ್ಟು ಓರೆ ಇರುವ ರಸ್ತೆಯ ಅಂಚಿನಲ್ಲಿ 15 ಸೆಂ.ಮೀ. ವಾಲುತ್ತದೆ. ಬಾಲ್ಕನಿ, ಸೂರು ಹೊಡೆಯುವುದು ಆ ಮೇಲಿನ ಮೂಲೆಗೆ.

ಫ್ರಿಜ್: ಕಂಪ್ರೆಸರ್ ಇರುವುದನ್ನೇ ಕೊಳ್ಳಿ, ಗ್ಯಾಸಿನದು ಓರೆ ನಿಂತರೆ ತಂಪು ಮಾಡುವುದಿಲ್ಲ. ಗ್ಯಾಸ್: ಪ್ರೊಪೇನ್. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ.

ದೊಡ್ಡದರ ಸುಖವನ್ನು ಅಲ್ಲಗಳೆಯುವುದಿಲ್ಲ. ಮೂರು ದಿನ ಮಳೆ ಹಿಡಿದರೆ, ಇಬ್ಬರು ಮಕ್ಕಳಿದ್ದರೆ, ಸ್ನಾನಕ್ಕೆ ಬೇರೆ ಜಾಗ ಇರುವುದು ದೊಡ್ಡ ಅನುಕೂಲ. ವ್ಯಾನಿನಲ್ಲಿ ಒದ್ದೆ ಬಟ್ಟೆ ಒಣಗಿಸಲೂ ತಿಣುಕಬೇಕು. ಆದರೆ ದಿನಕ್ಕೊಂದು ಊರು ಬದಲಿಸುವುದು ನನ್ನ ಅಭ್ಯಾಸ, ಇರುವವರು ಇಬ್ಬರೇ, ಹಣವನ್ನು ಒಳಗಿನ ಜಾಗಕ್ಕಿಂತ ಟೈರು, ಬ್ರೇಕು, ಬ್ಯಾಟರಿಗೆ ಹಾಕುವುದೇ ನನಗೆ ಸರಿ. ನಾಲ್ವರಿಗೆ ಬೇಕೇಬೇಕು ಎನ್ನುವವರು ಇದೇ ಚಾಸಿಯ 6.5 ಮೀಟರಿನದನ್ನು ನೋಡಲಿ, ಬಾಲ ಒಂದೂವರೆ ಮೀಟರಿಗೆ ನಿಲ್ಲುತ್ತದೆ. ನೋಡಲು ಹೋಗುವಾಗ ಅಳತೆ ಟೇಪು ಕೈಯಲ್ಲಿರಲಿ, ಹಿಂದಿನ ಚಕ್ರದ ನಡುವಿನಿಂದ ಬಂಪರ್‌ವರೆಗೆ, ಆಮೇಲೆ ಆ ಪೈಪಿನ ವಾಲ್ವಿನಿಂದ ನೆಲದವರೆಗೆ ಹಿಡಿದು ನೋಡಿ.